ಮಂಡ್ಯದ 30×40 ಮನೆ, ಹ್ಯಾಮ್ ರೇಡಿಯೊ: ದುಡ್ಡು ಮೊದಲು ಎಲ್ಲಿಗೆ ಹಾಕೋದು?

ಕಬ್ಬಿನಗದ್ದೆ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೊ (ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ಮಾತಾಡೋ ರೇಡಿಯೊ) ಶುರು ಮಾಡಬೇಕು. ಲೈಸೆನ್ಸ್ ಇನ್ನೂ ಇಲ್ಲ. 30×40 ಸೈಟು, ಒಂದಂತಸ್ತಿನ ಆರ್‌ಸಿಸಿ ಮನೆ, ತಾರಸಿ ಪೂರ್ತಿ ಖಾಲಿ. ರಸ್ತೆ ಕಡೆಗೆ ಚೆಸ್ಕಾಂ ಲೈನ್ ಹೋಗಿದೆ. ಯೂಟ್ಯೂಬ್‌ನಲ್ಲಿ ನೋಡಿದರೆ ಎಲ್ಲರ ಹಿತ್ತಲಲ್ಲೂ ಐವತ್ತಡಿ ಮರಗಳು, ನಮ್ಮಲ್ಲಿ ಇರೋದು ಪಕ್ಕದ ಮನೆಯವರ ನೀರಿನ ಟ್ಯಾಂಕು.
ಪರೀಕ್ಷೆಗೆ ಮೊದಲು ಏನು ಮಾಡಬಹುದು? ಮೊದಲು ಹ್ಯಾಂಡಿ (ಕೈಯಲ್ಲಿ ಹಿಡಿಯೋ ಸೆಟ್ಟು) ತಗೊಳ್ಳೋದಾ, ಎಚ್‌ಎಫ್ (ದೂರ ಹೋಗೋ ಶಾರ್ಟ್‌ವೇವ್) ಸೆಟ್ಟಾ? ಈ ತಾರಸಿಯಲ್ಲಿ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಝ್) ಆಂಟೆನಾ ಹಿಡಿಸುತ್ತಾ?

ಕುಕ್ಕರಹಳ್ಳಿ (ಮೈಸೂರು)
ಮೊದಲು ಕಾಗದದ ವಿಷಯ ಮುಗಿಸೋಣ, ಅದು ಚಿಕ್ಕದು.

ಪರೀಕ್ಷೆಯ ಹೆಸರು ಅಮೆಚೂರ್ ಸ್ಟೇಷನ್ ಆಪರೇಟರ್ಸ್ ಸರ್ಟಿಫಿಕೇಟ್, ಬಾಯಲ್ಲಿ ಎಎಸ್ಒಸಿ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಕೇಂದ್ರ ಆರಿಸುವಾಗ ಬೆಂಗಳೂರಿನ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ನಿಮಗೆ ಹತ್ತಿರ. 12 ವರ್ಷ ತುಂಬಿದ್ದರೆ ಸಾಕು, ಓದಿನ ಅರ್ಹತೆಯ ತಕರಾರಿಲ್ಲ. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ (ಚುಕ್ಕಿ-ಗೆರೆಯ ಸಂಕೇತ) ಬೇಡ, ಕಾಲ್‌ಸೈನ್ (ನಿಲ್ದಾಣದ ಗುರುತಿನ ಹೆಸರು) ವಿಯು3 ಅಂತ ಶುರುವಾಗುತ್ತೆ. ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು, ಅದು ವಿಯು2. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ನಿಯಮ, ಶುಲ್ಕಗಳೇ ಅಂತಿಮ. ಹಳೆಯ ಪಿಡಿಎಫ್ ನೋಡಿಕೊಂಡು ಹಣ ಕಟ್ಟಬೇಡಿ.

ಲೆಕ್ಕಕ್ಕೆ ಹೆದರುವವರು ಫೇಲಾಗುವುದು ನಿಯಮಗಳ ಭಾಗದಲ್ಲಿ, ಏಕೆಂದರೆ ಅದನ್ನು ಹಿಂದಿನ ರಾತ್ರಿ ಓದುತ್ತಾರೆ. ಕ್ಯೂ ಕೋಡ್‌ಗಳು (ಕ್ಯೂನಿಂದ ಶುರುವಾಗುವ ಮೂರಕ್ಷರದ ಸಂಕೇತಗಳು), ಆಲ್ಫಾ-ಬ್ರಾವೊ ವರ್ಣಮಾಲೆ, ಅಪಾಯದ ಕರೆ ಕೇಳಿದರೆ ಏನು ಮಾಡಬೇಕು, ಲಾಗ್ ಪುಸ್ತಕದಲ್ಲಿ ಏನೇನಿರಬೇಕು, ಯಾವ ಸಂದೇಶ ಕಳಿಸುವಂತಿಲ್ಲ: ಇವನ್ನು ಬಾಯಿಪಾಠ ಮಾಡಿ. ಭಾರತದ ಬ್ಯಾಂಡ್ ಮಿತಿಗಳನ್ನೂ ಕಲಿಯಿರಿ. 40 ಮೀಟರ್ ಬ್ಯಾಂಡ್ ನಮಗೆ 7.000ರಿಂದ 7.200 ಮೆಗಾಹರ್ಟ್ಝ್, ಅಮೆರಿಕದ ಪುಸ್ತಕದಲ್ಲಿ 7.300 ತನಕ ಇರುತ್ತೆ. 2 ಮೀಟರ್ ನಮಗೆ 144ರಿಂದ 146, ಅವರಿಗೆ 148. ಅವರ ಪುಸ್ತಕ ಓದಿದವರು ಇಲ್ಲೇ ಎಡವೋದು.

ಲೆಕ್ಕದಲ್ಲಿ ಓಮ್ ನಿಯಮ, ತರಂಗಾಂತರ, ಅನುರಣನ ಬಂದರೆ ಅರ್ಧ ದಾರಿ ಸಾಗಿದ ಹಾಗೆ. 300ನ್ನು ಮೆಗಾಹರ್ಟ್ಝ್‌ನಿಂದ ಭಾಗಿಸಿದರೆ ಮೀಟರ್: 300/7.1 = 42.25. 1 ಮೈಕ್ರೊಹೆನ್ರಿ ಸುರುಳಿ, 100 ಪಿಕೊಫ್ಯಾರಡ್ ಕೆಪಾಸಿಟರ್ ಸೇರಿದರೆ ಅನುರಣನ 15.9 ಮೆಗಾಹರ್ಟ್ಝ್, ಇದನ್ನು ಕ್ಯಾಲ್ಕುಲೇಟರ್ ಇಲ್ಲದೆ ಒಮ್ಮೆ ಮಾಡಿ ನೋಡಿ, ಘಾತಾಂಕಗಳ ಭಯ ಹೋಗುತ್ತೆ.

ಇನ್ನೊಂದು. ಪರೀಕ್ಷೆ ಪಾಸಾಯಿತು ಅಂದರೆ ಮಾತಾಡಬಹುದು ಅಂತ ಅಲ್ಲ. ಸರ್ಟಿಫಿಕೇಟ್ ಬೇರೆ, ನಿಲ್ದಾಣದ ಲೈಸೆನ್ಸ್ ಬೇರೆ. ಕಾಲ್‌ಸೈನ್ ಕೈಗೆ ಬರುವ ತನಕ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಬೇಡಿ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಮನೆಯಲ್ಲಿಟ್ಟುಕೊಳ್ಳೋದೂ ಅಪರಾಧವೇ. ಆನ್‌ಲೈನ್‌ನಲ್ಲಿ ಸಿಗುತ್ತೆ ಅನ್ನೋದು ಸಮರ್ಥನೆ ಆಗಲ್ಲ.

ವಿಸಿ_ನಾಲೆ (ಮಂಡ್ಯ)
ಲೈಸೆನ್ಸ್ ಬರ್ಲಿ, ಆಮೇಲೆ ಮೊದ್ಲು ಹ್ಯಾಂಡಿನೇ ತಗೊಳ್ಳಿ ಕಣಣ್ಣ. 2 ಮೀಟರ್ನಾಗೆ ಕನ್ನಡದಲ್ಲೇ ಮಾತಾಡೋರು ಸಿಕ್ತಾರೆ, ಹೊಸಬ್ರಿಗೆ ಬಾಯಿ ಬಿಡೋಕೆ ಧೈರ್ಯ ಬರ್ತದೆ. ಎಚ್‌ಎಫ್ ಸೆಟ್ಟು, ಪವರ್ ಸಪ್ಲೈ, ಕಂಬ ಅಂತ ಹೋದ್ರೆ ವರ್ಸ ಕಳೀತದೆ.

ತಾಮ್ರದ_ತಂತಿ (ಮೈಸೂರು)
ನಾಲೆಯವರೇ, ಗೌರವದಿಂದಲೇ ಒಪ್ಪಲ್ಲ. ಮಂಡ್ಯದ ಮನೆಯೊಳಗೆ ಕೂತು ರಬ್ಬರ್ ಆಂಟೆನಾದಲ್ಲಿ 5 ವಾಟ್ ಹ್ಯಾಂಡಿ ಒತ್ತಿದರೆ ಯಾರೂ ಉತ್ತರ ಕೊಡಲ್ಲ. ಹೊಸಬರು ಸೆಟ್ ಕೆಟ್ಟಿದೆ ಅಂದುಕೊಂಡು ಕಪಾಟಿಗೆ ಸೇರಿಸಿಬಿಡ್ತಾರೆ. ಕೆಟ್ಟಿರೋದು ಸೆಟ್ ಅಲ್ಲ, ಎತ್ತರ.

ವಿಎಚ್‌ಎಫ್‌ನ, ಅಂದರೆ 2 ಮೀಟರ್‌ನಂಥ ಬ್ಯಾಂಡಿನ, ದೂರದ ಲೆಕ್ಕ ಇದು: ಎರಡೂ ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತಗೊಂಡು, ಪ್ರತಿಯೊಂದರ ವರ್ಗಮೂಲ ತೆಗೆದು, ಕೂಡಿಸಿ 4.12ರಿಂದ ಗುಣಿಸಿ. ಕಿಲೋಮೀಟರ್ ಬರುತ್ತೆ. ಕೈಯಲ್ಲಿ 1.5 ಮೀಟರ್, ಎದುರಿನವರ ತಾರಸಿ ಮೇಲೆ 10 ಮೀಟರ್ ಅಂದರೆ ಸುಮಾರು 18 ಕಿ.ಮೀ. ಅದೂ ಬಯಲಿನಲ್ಲಿ. ನಡುವೆ ಆರ್‌ಸಿಸಿ ಗೋಡೆ ಬಂದರೆ ಅರ್ಧವೂ ಇಲ್ಲ. ಚಾಮುಂಡಿ ಬೆಟ್ಟ ಸುತ್ತಲಿನ ಬಯಲಿಗಿಂತ ಸುಮಾರು 300 ಮೀಟರ್ ಎತ್ತರ. ಅಲ್ಲಿಂದ 9 ಮೀಟರ್ ಎತ್ತರದ ಆಂಟೆನಾಗೆ ಸುಮಾರು 84 ಕಿ.ಮೀ. ಬರುತ್ತೆ. ಮಂಡ್ಯ ಅಲ್ಲಿಂದ ನೇರ ಅಳತೆಯಲ್ಲಿ 37 ಕಿ.ಮೀ. ಆಸುಪಾಸು. ಹಾಗಾಗಿ ನಿಮ್ಮ ತಾರಸಿಯಲ್ಲಿ ಸರಿಯಾದ ಆಂಟೆನಾ ಇದ್ದರೆ ಬೆಟ್ಟದ ಮೇಲಿರುವವರ ಜೊತೆ 5 ವಾಟ್ ಧಾರಾಳ.

ನನ್ನ ಉತ್ತರ: ಲೈಸೆನ್ಸ್ ಬರುವವರೆಗೆ ಕೇಳೋದು, ಆಂಟೆನಾ ಕಟ್ಟೋದು, ಮನೆಯ ಗದ್ದಲ ಹುಡುಕೋದು. ಸೆಟ್ಟಿಗೆ ಕೊನೆಗೆ ದುಡ್ಡು. ಇದು ದುಡ್ಡು ಉಳಿಸುವ ಮಾತೂ ಹೌದು, ಏಕೆಂದರೆ ತಂತಿ ಅಗ್ಗ.

ಕಬ್ಬಿನಗದ್ದೆ
ಕೇಳೋಕೆ ಏನು ಬೇಕು ಸರ್?

ತಾಮ್ರದ_ತಂತಿ
ಖರ್ಚಿಲ್ಲದ ದಾರಿ: ಬೇರೆಯವರು ಇಂಟರ್ನೆಟ್ಟಿಗೆ ಜೋಡಿಸಿಟ್ಟ ವೆಬ್‌ಎಸ್‌ಡಿಆರ್, ಕಿವಿಎಸ್‌ಡಿಆರ್ ರಿಸೀವರ್‌ಗಳು ಬ್ರೌಸರ್‌ನಲ್ಲೇ ತೆರೆಯುತ್ತವೆ. ಭಾರತದಲ್ಲಿರುವ ಯಾವುದಾದರೂ ಒಂದನ್ನು ಆರಿಸಿ, 7.050ರಿಂದ 7.200ರ ಮಧ್ಯೆ, ಎಲ್‌ಎಸ್‌ಬಿ (ಕೆಳಬದಿ) ಮೋಡ್, ಬೆಳಿಗ್ಗೆ 7ರಿಂದ 9. 10 ಮೆಗಾಹರ್ಟ್ಝ್‌ಗಿಂತ ಕೆಳಗೆ ಮಾತು ಎಲ್‌ಎಸ್‌ಬಿ, ಮೇಲೆ ಯುಎಸ್‌ಬಿ (ಮೇಲ್ಬದಿ). ತಪ್ಪು ಬದಿ ಹಾಕಿದರೆ ಎಷ್ಟು ತಿರುಗಿಸಿದರೂ ಮಾತು ಅರ್ಥ ಆಗಲ್ಲ. ಸರಿ ಬದಿಯಲ್ಲಿದ್ದೂ ಧ್ವನಿ ಕೀರಲಾಗಿದ್ದರೆ 10 ಹರ್ಟ್ಝ್ ಹೆಜ್ಜೆಯಲ್ಲಿ ಸರಿಸಿ.

ಸ್ವಂತದ್ದು ಬೇಕಾದರೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪ್ ಜೊತೆ ಬಳಸುವ ಪುಟ್ಟ ರಿಸೀವರ್). ಅದರ ವಿ3 ಮಾದರಿ ಆದರೆ ಎಚ್‌ಎಫ್ ಕೇಳಲು ತಂತ್ರಾಂಶದಲ್ಲಿ ಡೈರೆಕ್ಟ್ ಸ್ಯಾಂಪ್ಲಿಂಗ್, ಕ್ಯೂ ಬ್ರಾಂಚ್ ಆರಿಸಬೇಕು. ಇದನ್ನು ಮರೆತು "ಎಚ್‌ಎಫ್ ಸತ್ತಿದೆ" ಅನ್ನೋರು ಬಹಳ. 2 ಮೀಟರ್ ಕೇಳುವಾಗ ಎಲ್ಲೆಂದರಲ್ಲಿ ಎಫ್‌ಎಂ ಹಾಡು ಕೇಳಿಸಿದರೆ ಗೇನ್ ಜಾಸ್ತಿಯಾಗಿದೆ, ಇಳಿಸಿ. ಡಾಂಗಲ್ಲನ್ನು ಲ್ಯಾಪ್‌ಟಾಪ್‌ಗೆ ನೇರ ಚುಚ್ಚಬೇಡಿ, ಒಂದು ಮೀಟರ್ ಯುಎಸ್‌ಬಿ ಕೇಬಲ್ ಇರಲಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಪೊಲೀಸು, ವಿಮಾನ ಅಂತ ಬೇರೆಯವರ ಮಾತಿನ ಹಿಂದೆ ಹೋಗಬೇಡಿ. ಹ್ಯಾಮ್ ಬ್ಯಾಂಡ್, ಶಾರ್ಟ್‌ವೇವ್ ಪ್ರಸಾರ ಇಷ್ಟೇ ಬೇಕಾದಷ್ಟಿದೆ.

ಈಗ ತಾರಸಿ. 30×40 ಅಂದರೆ 9.1×12.2 ಮೀಟರ್, ಮೂಲೆಯಿಂದ ಮೂಲೆಗೆ 15.2. 40 ಮೀಟರ್ ಡೈಪೋಲ್‌ಗೆ (ನಡುವೆ ಕೇಬಲ್ ಸೇರುವ ಎರಡು ಕಾಲಿನ ತಂತಿ ಆಂಟೆನಾ) 142.65/7.1, ಅಂದರೆ 20.1 ಮೀಟರ್ ಒಟ್ಟು, ಒಂದೊಂದು ಕಾಲು 10.05. ನೇರ ಎಳೆದರೆ ಹಿಡಿಸಲ್ಲ. ಆದ್ದರಿಂದ ನಡುವೆ ಕಂಬ ನಿಲ್ಲಿಸಿ ತಲೆಕೆಳಗಾದ ವಿ ಆಕಾರದಲ್ಲಿ ಕರ್ಣದ ಉದ್ದಕ್ಕೆ ಇಳಿಸಬೇಕು. ಕಂಬದ ತುದಿ ತಾರಸಿಯಿಂದ 7 ಮೀಟರ್, ಮೂಲೆಗಳಲ್ಲಿ 2.5 ಮೀಟರ್ ಗೂಟ. ಇಳಿಜಾರಿನ ಉದ್ದ 8.8 ಮೀಟರ್ ಬರುತ್ತೆ. ಉಳಿದ 1.2 ಮೀಟರನ್ನು ಗೂಟದಿಂದ ಅದೇ ಎತ್ತರದಲ್ಲಿ ಪ್ಯಾರಾಪೆಟ್ ಗುಂಟ ಬಾಗಿಸಿ. ತುದಿಯ ಭಾಗದಲ್ಲಿ ಕರೆಂಟ್ ಕಡಿಮೆ, ಬಾಗಿಸಿದ್ದರಿಂದ ನಷ್ಟ ತೀರಾ ಕಮ್ಮಿ. ಆದರೆ ಅಲ್ಲೇ ವೋಲ್ಟೇಜ್ ಹೆಚ್ಚು. 100 ವಾಟ್ ಹಾಕಿದಾಗ ಮುಟ್ಟಿದರೆ ಸುಡುತ್ತೆ. ಬಟ್ಟೆ ಒಣಹಾಕೋ ತಂತಿ ಅಂತ ಮನೆಯವರು ಅಂದುಕೊಳ್ಳದ ಎತ್ತರದಲ್ಲಿರಲಿ.

ಸಾಮಾನು: 6 ಮೀಟರಿನ ಒಂದು ಒಂದೂವರೆ ಇಂಚು ಜಿಐ ಪೈಪ್, ಮೇಲೆ ಒಂದು ಮೀಟರ್ ಪಿವಿಸಿ ಪೈಪ್. ಗೈ ಹಗ್ಗ (ಕಂಬವನ್ನು ಎಳೆದು ಹಿಡಿಯೋದು) ಮೂರು ದಿಕ್ಕಿಗೆ 120 ಡಿಗ್ರಿ ಅಂತರದಲ್ಲಿ, 4 ಮೀಟರ್ ಎತ್ತರದಿಂದ. ತಂತಿಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ಬಹುಎಳೆ ತಾಮ್ರ ಸಾಕು. ಎರಡು ಕಾಲಿಗೆ 21 ಮೀಟರ್ ಕೊಳ್ಳಿ. ಪ್ಲಾಸ್ಟಿಕ್ ಹೊದಿಕೆ ಇರೋದರಿಂದ ಕೊನೆಯಲ್ಲಿ ಲೆಕ್ಕಕ್ಕಿಂತ ಎರಡು ಮೂರು ಶೇಕಡ ಗಿಡ್ಡವಾಗಬಹುದು, ಆದರೂ ಕಾಲಿಗೆ 10.30 ಇಟ್ಟು ಶುರು ಮಾಡಿ. ಕತ್ತರಿಸಬೇಡಿ, ತುದಿ ಮಡಚಿ ಅದೇ ತಂತಿಗೆ ಸುತ್ತಿ. ಮಡಚಿದ್ದನ್ನು ಬಿಚ್ಚಬಹುದು.

ಬಾಲನ್ (ಕೇಬಲ್ಲಿನ ಹೊರಮೈ ಆಂಟೆನಾ ಆಗದಂತೆ ತಡೆಯೋದು): 4 ಇಂಚಿನ ಪಿವಿಸಿ ಪೈಪಿಗೆ ಸೆಟ್ಟಿನಿಂದ ಆಂಟೆನಾಗೆ ಹೋಗುವ ಆರ್‌ಜಿ-58 ಕೇಬಲ್ ಒಂದರ ಪಕ್ಕ ಒಂದು 18 ಸುತ್ತು, ಒಟ್ಟು 6.3 ಮೀಟರ್ ತಿನ್ನುತ್ತೆ. ಆಂಟೆನಾದ ನಡುಬಿಂದುವಿನಲ್ಲೇ ಇರಬೇಕು. ಸುತ್ತುಗಳು ಒಂದರ ಮೇಲೊಂದು ಬಿದ್ದು ಗಂಟಾದರೆ ಪ್ರಯೋಜನ ಇಲ್ಲ.

ಕಂಬ ಎಲ್ಲಿ ಬಿದ್ದರೂ ಚೆಸ್ಕಾಂ ಲೈನಿಗೆ ತಗುಲಬಾರದು. ಕಂಬದ ಉದ್ದದ ಒಂದೂವರೆ ಪಟ್ಟು ದೂರ ಬಿಡಿ. ರಸ್ತೆ ಕಡೆಯ ಮೂಲೆಯ ಗೂಟ ಲೈನಿಗೆ ಹತ್ತಿರ ಆಗುತ್ತೆ ಅಂದರೆ ಇನ್ನೊಂದು ಕರ್ಣ ನೋಡಿ, ಅಲ್ಲೂ ಆಗದಿದ್ದರೆ ಈ ಆಂಟೆನಾ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

ವಿಸಿ_ನಾಲೆ
ಶ್ರೀರಂಗಪಟ್ಣ, ಮೇಲುಕೋಟೆ ಕಡೆಯೋರು ಓದ್ತಿದ್ರೆ: ಗೈ ಹಗ್ಗ ಮಂಗಗಳಿಗೆ ಉಯ್ಯಾಲೆ. ಹಗ್ಗದ ಕೆಳಗಿನ ಎರಡು ಮೀಟ್ರು ಜಿಐ ತಂತಿ ಹಾಕಿ, ಟರ್ನ್‌ಬಕಲ್ ಬಿಗಿ ಮಾಡಿ. ನೈಲಾನ್ ಹಗ್ಗ ಬಿಸ್ಲಿಗೆ ಪುಡಿ ಆಗ್ತದೆ, ಪ್ರತಿ ಮುಂಗಾರಿಗೆ ಮುಂಚೆ ಉಗುರಲ್ಲಿ ಕೆರೆದು ನೋಡ್ಬೇಕು.

ಕಬ್ಬಿನಗದ್ದೆ
ಒಂದಂತಸ್ತಿನ ಮೇಲೆ 7 ಮೀಟರ್ ಅಂದರೆ ನೆಲದಿಂದ ಹತ್ತೇ ಮೀಟರ್. ಪುಸ್ತಕದಲ್ಲಿ ಅರ್ಧ ತರಂಗಾಂತರ, 20 ಮೀಟರ್ ಎತ್ತರ ಬೇಕು ಅಂತಿದೆ?

ತಾಮ್ರದ_ತಂತಿ
ಅಮೆರಿಕ ಮುಟ್ಟಬೇಕಾದರೆ ಹೌದು. ತಗ್ಗಿನ ಡೈಪೋಲ್ ಶಕ್ತಿಯನ್ನು ನೆತ್ತಿಯ ಕಡೆಗೆ ಎಸೆಯುತ್ತೆ. ಹಗಲು ಹೊತ್ತು ನಮ್ಮ ಅಕ್ಷಾಂಶದಲ್ಲಿ ಅಯಾನುಗೋಳ 7 ಮೆಗಾಹರ್ಟ್ಝನ್ನು ನೆಟ್ಟಗೆ ಮೇಲಿಂದಲೇ ವಾಪಸ್ ಕಳಿಸುತ್ತೆ. ಹಾಗಾಗಿ ಸುತ್ತಲಿನ 500 ಕಿ.ಮೀ., ಅಂದರೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕೇರಳ, ತಮಿಳುನಾಡು ತುಂಬಾ ಚೆನ್ನಾಗಿ ಬರುತ್ತೆ. ಹೊಸಬರಿಗೆ ಬೇಕಾದ್ದೂ ಅದೇ. ನಡುಮಧ್ಯಾಹ್ನ ಅಯಾನುಗೋಳದ ಕೆಳಗಿನ ಡಿ ಪದರ ಹೀರಿಕೊಳ್ಳೋದರಿಂದ ಸದ್ದು ಇಳಿಯುತ್ತೆ, ಬೆಳಿಗ್ಗೆ ಮತ್ತು ಸಂಜೆ 4ರ ಮೇಲೆ ಏರುತ್ತೆ. ರಾತ್ರಿ ತಡವಾದಂತೆ ಬೆಂಗಳೂರಿನವರು ಕಾಣೆಯಾಗಿ ದೂರದ ದೇಶದವರು ಬಂದರೆ ಸೆಟ್ ಕೆಟ್ಟಿಲ್ಲ, ನೆತ್ತಿಯ ದಾರಿ ಮುಚ್ಚಿದೆ ಅಷ್ಟೆ.

ಕಬ್ಬಿನಗದ್ದೆ
ಕಂಬ ನಿಂತಿದೆ. ಲೈನಿನಿಂದ ದೂರದ ಕರ್ಣವೇ ಸಿಕ್ಕಿತು. ನ್ಯಾನೊವಿಎನ್‌ಎ (ಆಂಟೆನಾ ಅಳೆಯೋ ಯಂತ್ರ) ಹಚ್ಚಿದರೆ 6.90ರಲ್ಲಿ ತಗ್ಗು, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ವಾಪಸ್ ಬರೋ ಶಕ್ತಿಯ ಅಳತೆ, 1 ಆದರೆ ಏನೂ ವಾಪಸಿಲ್ಲ) 1.6. ಕೇಬಲ್ ಕೈಯಲ್ಲಿ ಹಿಡಿದರೆ ಅಂಕಿ ಅಲ್ಲಾಡುತ್ತೆ.

ತಾಮ್ರದ_ತಂತಿ
ಉದ್ದ ಜಾಸ್ತಿ ಇದೆ, ಅದು ಒಳ್ಳೆಯದೇ. ಹೊಸ ಉದ್ದ = ಹಳೆ ಉದ್ದ × ಈಗಿನ ತಗ್ಗು ÷ ಬೇಕಾದ ತಗ್ಗು. 10.30 × 6.90/7.10 = 10.01. ಎರಡೂ ಕಡೆ 29 ಸೆಂ.ಮೀ. ಮಡಚಿ. ಒಂದೇ ಸಲ ಅಷ್ಟೂ ಬೇಡ, 20 ಮಡಚಿ ಅಳೆದು ಉಳಿದದ್ದು ಮಡಚಿ. 1.6 ಏನೂ ಕೆಟ್ಟದ್ದಲ್ಲ, ಅದನ್ನು 1.1 ಮಾಡಲು ಹೊರಟರೆ ಭಾನುವಾರಗಳು ಹೋಗುತ್ತವೆ, ಆ ಕಡೆ ಕೇಳೋರಿಗೆ ವ್ಯತ್ಯಾಸವೇ ತಿಳಿಯಲ್ಲ.

ಕೈ ಮುಟ್ಟಿದಾಗ ಅಂಕಿ ಅಲ್ಲಾಡಿದರೆ ಕೇಬಲ್ಲಿನ ಹೊರಮೈ ಕೂಡ ಆಂಟೆನಾ ಆಗಿದೆ. ಬಾಲನ್ ಸುತ್ತು ಸಡಿಲವಾಗಿದೆಯಾ, ಕೇಬಲ್ ಒಂದು ಕಾಲಿನ ಪಕ್ಕದಲ್ಲೇ ಇಳಿದಿದೆಯಾ ನೋಡಿ. ಕೇಬಲ್ ಕಂಬದ ಗುಂಟ ನೇರ ಇಳಿಯಬೇಕು. ಅಳೆಯುವ ಮುಂಚೆ ಓಪನ್, ಶಾರ್ಟ್, ಲೋಡ್ ಮೂರೂ ಕ್ಯಾಲಿಬ್ರೇಷನ್ ಮಾಡಿದ್ದೀರಿ ತಾನೆ? ವ್ಯಾಪ್ತಿ 6.8ರಿಂದ 7.4 ಇಟ್ಟು ಮಾಡಬೇಕು. ವ್ಯಾಪ್ತಿ ಬದಲಿಸಿದರೆ ಮತ್ತೆ ಮಾಡಬೇಕು.

ನೆನಪಿಡಿ: ಎಲ್ಲಾ ಬ್ಯಾಂಡಿನಲ್ಲೂ ಎಸ್‌ಡಬ್ಲ್ಯೂಆರ್ ಚೆನ್ನಾಗಿ ಕಂಡರೆ ಖುಷಿಪಡಬೇಡಿ, ಕೇಬಲ್ಲಿಗೆ ನೀರು ಹೋಗಿದೆ. ನಷ್ಟ ಹೆಚ್ಚಾದಷ್ಟೂ ಮೀಟರ್ ಚೆಂದ ತೋರಿಸುತ್ತೆ.

ಡಿಡ್ಡಾ (ಮೈಸೂರು)
ಕೇಬಲ್ ವಿಷಯಕ್ಕೆ: ಎಲ್ಲರೂ ಆರ್‌ಜಿ-58 ಅಂತಾರೆ. 7 ಮೆಗಾಹರ್ಟ್ಝ್‌ಗೆ 20 ಮೀಟರ್ ಉದ್ದಕ್ಕೆ ನಷ್ಟ 0.8 ಡಿಬಿ ಸುಮಾರು, ಪರವಾಗಿಲ್ಲ. 145ಕ್ಕೆ ಅದೇ ಕೇಬಲ್ 15 ಮೀಟರಿಗೆ 3 ಡಿಬಿ ನುಂಗುತ್ತೆ: 5 ವಾಟ್ ಹಾಕಿದರೆ ತಾರಸಿಗೆ ತಲುಪೋದು ಎರಡೂವರೆ. ಕೇಬಲ್ ಟಿವಿಯ ಆರ್‌ಜಿ-6 ಅಲ್ಲಿ ಒಂದೂಕಾಲು ಡಿಬಿಯಲ್ಲಿ ಮುಗಿಸುತ್ತೆ, ಅರ್ಧ ಬೆಲೆಗೆ.

ತಾಮ್ರದ_ತಂತಿ
ಆದರೆ ಅದು 75 ಓಮ್.

ಡಿಡ್ಡಾ
ಆದರೇನು ಸರ್? 1.5ರ ಎಸ್‌ಡಬ್ಲ್ಯೂಆರ್, ಯಾವ ಸೆಟ್ಟೂ ಅದಕ್ಕೆ ಮುನಿಸಿಕೊಳ್ಳಲ್ಲ. ನಿಜವಾದ ತೊಂದರೆ ಬೇರೆ: ಹೊರ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯಲ್ಲ. ಎಫ್ ಕನೆಕ್ಟರನ್ನು ಕಂಪ್ರೆಷನ್ ಟೂಲಿನಲ್ಲೇ ಒತ್ತಬೇಕು, ಆಮೇಲೆ ಅಡಾಪ್ಟರ್. ಕೈಯಲ್ಲಿ ತಿರುಗಿಸಿ ಹಾಕಿದ್ದು ಮೊದಲ ಮಳೆಗೇ ಸಡಿಲ. ದುಡ್ಡಿದ್ದರೆ ಆರ್‌ಜಿ-213. ಇಲ್ಲದಿದ್ದರೆ ಹ್ಯಾಂಡಿಗೆ ಆರ್‌ಜಿ-6 ಖಂಡಿತ ಓಡುತ್ತೆ.

ವಿಸಿ_ನಾಲೆ
ಹಂಗಾದ್ರೆ 2 ಮೀಟರ್ ಆಂಟೆನಾ (ಗ್ರೌಂಡ್ ಪ್ಲೇನ್ ಅಂತಾರೆ) ನಾನು ಹೇಳ್ತೀನಿ, ತಂತಿ ಮೇಷ್ಟ್ರು ಎತ್ತರ ಎತ್ತರ ಅಂತಾರಲ್ಲ. ಒಂದು ಎಸ್‌ಒ-239 ಚಾಸಿಸ್ ಸಾಕೆಟ್ಟು, ನಾಲ್ಕು ಮೂಲೆ ತೂತಿಗೆ 3 ಮಿ.ಮೀ. ನಟ್ಟು ಬೋಲ್ಟು, 2 ಮಿ.ಮೀ. ದಪ್ಪದ ತಾಮ್ರ ಇಲ್ಲಾ ಹಿತ್ತಾಳೆ ಸರಳು. ನಡುವಿನ ಕಡ್ಡಿ ಸಾಕೆಟ್ ಮುಖದಿಂದ 49 ಸೆಂ.ಮೀ., ನೆಟ್ಟಗೆ ಬೆಸುಗೆ. ನಾಲ್ಕು ಕಾಲು 51 ಸೆಂ.ಮೀ., 45 ಡಿಗ್ರಿ ಕೆಳಗೆ ಬಗ್ಗಿಸಿ. ಕಾಲು ಅಡ್ಡಕ್ಕೆ ಬುಟ್ರೆ 50 ಓಮ್‌ಗಿಂತ ವಸಿ ಕೆಳಗೆ ನಿಲ್ತದೆ, ಬಗ್ಗಿಸಿದ್ರೆ ಸರಿಹೋಗ್ತದೆ. ನಡುವಿನ ಕಡ್ಡಿ ಒಂದು ಸೆಂ.ಮೀ. ಕತ್ತರಿಸಿದ್ರೆ ಸುಮಾರು 3 ಮೆಗಾಹರ್ಟ್ಝ್ ಮೇಲಕ್ಕೆ ಹೋಗ್ತದೆ, ಅದ್ಕೆ ಅರದಲ್ಲಿ ಉಜ್ಜಿ, ಕಟ್ಟಿಂಗ್ ಪ್ಲೇಯರ್ ಬೇಡ. ಕನೆಕ್ಟರಿಗೆ ಮೊದ್ಲು ರಬ್ಬರ್ ಟೇಪು ಎಳೆದು ಎಳೆದು ಸುತ್ತಿ, ಮೇಲೆ ಪಿವಿಸಿ ಟೇಪು. ಕೇಬಲ್ ಮನೆಯೊಳಗೆ ಬರೋ ಜಾಗದಲ್ಲಿ ಒಂದು ಬಾಗು ಕೆಳಗೆ ಬುಡಿ, ನೀರು ಅಲ್ಲೇ ತೊಟ್ಟಿಕ್ಲಿ.

ಹ್ಯಾಂಡಿ ಸೆಟ್ ಮಾಡೋವಾಗ ರಿಪೀಟರ್‌ಗೆ (ನಮ್ಮ ಮಾತು ಹಿಡಿದು ಮತ್ತೆ ಕಳ್ಸೋ ನಿಲ್ದಾಣ) 600 ಕಿಲೋಹರ್ಟ್ಝ್ ಶಿಫ್ಟು (ಕಳ್ಸೋ, ಕೇಳೋ ಆವರ್ತನದ ಅಂತರ), ಪ್ಲಸ್ಸಾ ಮೈನಸ್ಸಾ ಅನ್ನೋದು, ಟೋನು (ರಿಪೀಟರ್ ತೆರೆಯೋ ಸಣ್ಣ ಸ್ವರ) ಇವೆಲ್ಲ ಊರಿನ ಹ್ಯಾಮ್‌ಗಳ ಹತ್ರ ಕೇಳಿ ಹಾಕಿ. ಟೋನು ಕಳ್ಸೋದಕ್ಕೆ ಮಾತ್ರ. ಕೇಳೋದಕ್ಕೂ ಹಾಕ್ಬುಟ್ರೆ ನಿಮ್ಮ ಸೆಟ್ಟು ಮೂಕ ಆಗ್ತದೆ, ಆ ಕಡೆಯೋರು ಕೂಗ್ತಾನೇ ಇರ್ತಾರೆ.

ಕುಕ್ಕರಹಳ್ಳಿ
ಸೇರಿಸುವುದು: ಅಗ್ಗದ ಹ್ಯಾಂಡಿಗಳಲ್ಲಿ ಎಷ್ಟೋ 136ರಿಂದ 174 ತನಕ ಟ್ರಾನ್ಸ್‌ಮಿಟ್ ಮಾಡುತ್ತವೆ. ನಮ್ಮದು 144ರಿಂದ 146, ಮೇಲಿನ ಬ್ಯಾಂಡಿನಲ್ಲಿ 434ರಿಂದ 438. ಪ್ರೋಗ್ರಾಮಿಂಗ್ ಕೇಬಲ್ ಹಾಕಿ ಮಿತಿ ಬಿಗಿ ಮಾಡಿ, ಚಾನೆಲ್ ಮೋಡ್‌ನಲ್ಲೇ ಬಳಸಿ. ಜೇಬಿನಲ್ಲಿ ಗುಂಡಿ ಒತ್ತಿಕೊಂಡು ಬೇರೆ ಇಲಾಖೆಯ ಆವರ್ತನಕ್ಕೆ ಹೋದರೆ ವಿವರಣೆ ಯಾರೂ ಕೇಳಲ್ಲ.

ಕಬ್ಬಿನಗದ್ದೆ
40 ಮೀಟರ್‌ನಲ್ಲಿ ಬೆಳಿಗ್ಗೆ ಮಾತು ಸ್ಪಷ್ಟ. ಸಂಜೆ ಆರೂವರೆಗೆ ಬುರ್ ಅನ್ನೋ ಸದ್ದು ಎಸ್7 (ಸಂಕೇತದ ಬಲದ ಅಳತೆ) ತನಕ ಏರಿ ಎಲ್ಲ ಮುಚ್ಚಿಹೋಗುತ್ತೆ. ಆಂಟೆನಾ ತಪ್ಪಾ?

ಎಸ್9ಪ್ಲಸ್ (ಪಾಂಡವಪುರ)
ಆಂಟೆನಾ ಚೆನ್ನಾಗಿದೆ ಅನ್ನೋದಕ್ಕೇ ಗದ್ದಲವೂ ಚೆನ್ನಾಗಿ ಬರ್ತಿದೆ. ಮೊದಲು ನಿಮ್ಮ ಮನೆಯದಾ ಹೊರಗಿನದಾ ಅಂತ ಬೇರ್ಪಡಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ, ಮೇನ್ ಎಂಸಿಬಿ ಇಳಿಸಿ. ಇನ್ವರ್ಟರನ್ನೂ ಆಫ್ ಮಾಡಿ. ಅದು ತಾನೇ ಒಂದು ಗದ್ದಲದ ಮೂಲ, ಮೇನ್ ಹೋದ ತಕ್ಷಣ ಎದ್ದು ಕೂರುತ್ತೆ, ಪರೀಕ್ಷೆಯೇ ಸುಳ್ಳಾಗುತ್ತೆ.

ಸದ್ದು ಇಳಿದರೆ ಮನೆಯದು. ಮೇನ್ ಹಾಕಿ ಒಂದೊಂದೇ ಸರ್ಕ್ಯೂಟ್ ಏರಿಸಿ. ಸಾಮಾನ್ಯವಾಗಿ ಸಿಗೋ ಅಪರಾಧಿಗಳು: ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್, ವೈಫೈ ರೂಟರಿನ ಅಡಾಪ್ಟರ್, ಸೋಲಾರ್ ಇನ್ವರ್ಟರ್. ಪರಿಹಾರ: ಬದಲಿಸೋದು, ಇಲ್ಲವೇ ವೈರಿಗೆ ಫೆರೈಟ್ ಉಂಗುರ. ಎಚ್‌ಎಫ್‌ಗೆ 31ನೇ ಮಿಕ್ಸ್ ಫೆರೈಟ್ ಕೇಳಿ ತಗೊಳ್ಳಿ. ವೈರನ್ನು ಒಂದು ಸಲ ತೂರಿಸಿ ಕ್ಲಿಪ್ ಹಾಕಿದರೆ ಎಚ್‌ಎಫ್‌ನಲ್ಲಿ ಪ್ರಯೋಜನ ಅಷ್ಟಕ್ಕಷ್ಟೆ. ತಡೆ ಸುತ್ತಿನ ವರ್ಗದಷ್ಟು ಏರುತ್ತೆ, ಐದು ಸುತ್ತು ಹಾಕಿದರೆ ಇಪ್ಪತ್ತೈದು ಪಟ್ಟು. ಆದ್ದರಿಂದ ದೊಡ್ಡ ತೂತಿನದ್ದು ತಗೊಂಡು ಅಡಾಪ್ಟರಿನ ಪಕ್ಕದಲ್ಲೇ ಸುತ್ತಿ.

ಇಳಿಯದಿದ್ದರೆ ಹೊರಗಿನದು. ಸಂಜೆ ಬೀದಿದೀಪ ಹತ್ತೋ ಹೊತ್ತಿಗೆ ಸರಿಯಾಗಿ ಏರಿದರೆ ಅದನ್ನೇ ಮೊದಲು ಅನುಮಾನಿಸಿ. ಸೆಕೆಂಡಿಗೆ 100 ಸಲ ಗರ್‌ಗುಟ್ಟೋದು, ಒಣ ಹವೆಯಲ್ಲಿ ಜೋರು, ಮಳೆ ಬಂದ ಕೂಡಲೇ ಮಾಯ ಆಗೋದಾದರೆ ಲೈನಿನಲ್ಲಿ ಯಾವುದೋ ಸಡಿಲ ಕ್ಲಾಂಪ್ ಕಿಡಿ ಕಾರ್ತಿದೆ. ಪಾಕೆಟ್ ರೇಡಿಯೊವನ್ನು ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ, 1500ರ ಹತ್ತಿರ ಇಟ್ಟು ರಸ್ತೆಯಲ್ಲಿ ನಡೆಯಿರಿ. ರೇಡಿಯೊ ತಿರುಗಿಸುತ್ತಾ ಹೋದರೆ ಸದ್ದು ತೀರಾ ಕ್ಷೀಣಿಸುವ ದಿಕ್ಕು ಸಿಗುತ್ತೆ. ಒಳಗಿನ ಫೆರೈಟ್ ಕಡ್ಡಿಯ ತುದಿ ಆಗ ಮೂಲದ ಕಡೆ ಇರುತ್ತೆ. ಕಂಬದ ನಂಬರ್ ಬರೆದು ಚೆಸ್ಕಾಂನಲ್ಲಿ ದೂರು ಕೊಡಿ. ಕಂಬ ಒದೆಯೋದು, ಗೈ ತಂತಿ ಅಲ್ಲಾಡಿಸೋದು ಮಾಡಲೇಬೇಡಿ.

ಹಳ್ಳಿ ಕಡೆಯವರಿಗೆ: ಪಂಪ್‌ಸೆಟ್ ಸ್ಟಾರ್ಟರಿನ ಚಟಪಟ ಕ್ಷಣಿಕ, ಬಿಟ್ಟುಬಿಡಿ. ಸೋಲಾರ್ ಪಂಪಿನ ಡ್ರೈವ್ ಹಗಲಿಡೀ ಕಾಡುತ್ತೆ. ಆಂಟೆನಾವನ್ನು ಅದರಿಂದ 30-40 ಮೀಟರ್ ಸರಿಸೋದು ಯಾವ ಫಿಲ್ಟರ್‌ಗಿಂತಲೂ ಮೇಲು.

ಕಬ್ಬಿನಗದ್ದೆ
ನಮ್ಮ ಮನೆಯದೇ. ಗೇಟಿನ ಎಲ್‌ಇಡಿ ದೀಪ, ಸಂಜೆ ತಾನೇ ಹತ್ತೋದು. ತೆಗೆದರೆ ಎಸ್3. ಮುಂದೆ ಸೆಟ್ ವಿಷಯ. ಹಳೆಯ 100 ವಾಟ್ ಎಚ್‌ಎಫ್ ಸೆಟ್ ಮಾರಾಟಕ್ಕಿದೆ ಅಂದರೆ ಏನು ನೋಡಬೇಕು?

ಡಿಡ್ಡಾ
ಲೈಸೆನ್ಸ್ ಬಂದ ಮೇಲೆ, ಲೈಸೆನ್ಸ್ ಇರುವವರಿಂದ, ಕಾಗದ ಸಮೇತ. ನಿಮ್ಮ ಗ್ರೇಡ್‌ಗೆ ಎಷ್ಟು ವಾಟ್ ಅಂತ ನೋಡಿಕೊಂಡು ಪವರ್ ಇಳಿಸಿ ಬಳಸಬೇಕು. ಹೋಗುವಾಗ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕೋ ರೆಸಿಸ್ಟರ್) ಮತ್ತು ಪವರ್ ಮೀಟರ್ ಜೊತೆಗಿರಲಿ. ಒಂದೊಂದು ಬ್ಯಾಂಡಿನಲ್ಲೂ ಟ್ರಾನ್ಸ್‌ಮಿಟ್ ಮಾಡಿಸಿ ನೋಡಿ. ಒಂದು ಬ್ಯಾಂಡಿನಲ್ಲಿ ಮಾತ್ರ ಪವರ್ ಬಿದ್ದರೆ ಫಿಲ್ಟರ್ ರಿಲೇ, ಎಲ್ಲದರಲ್ಲೂ ಬಿದ್ದರೆ ಫೈನಲ್ ಟ್ರಾನ್ಸಿಸ್ಟರ್. ಎರಡನೆಯದಾದರೆ ಎದ್ದು ಬನ್ನಿ.

100 ವಾಟ್ ಸೆಟ್ಟಿಗೆ 13.8 ವೋಲ್ಟ್, ಪೂರ್ತಿ ಪವರಿನಲ್ಲಿ 20ರಿಂದ 22 ಆಂಪಿಯರ್. ಇಲ್ಲಿ ತಪ್ಪೋದು ಸಪ್ಲೈಗಿಂತ ವೈರು. ಹೋಗಿ ಬರೋದು ಸೇರಿ 4 ಮೀಟರ್ 1.5 ಚದರ ಮಿ.ಮೀ. ವೈರ್ ಹಾಕಿದರೆ 20 ಆಂಪಿಯರಿಗೆ ಹತ್ತಿರ ಹತ್ತಿರ ಒಂದು ವೋಲ್ಟ್ ಬೀಳುತ್ತೆ. ಧ್ವನಿ ಏರಿಸಿದಾಗಲೆಲ್ಲ ಸೆಟ್ ಆಫ್ ಆಗಿ ಆನ್ ಆಗುತ್ತೆ. 4 ಚದರ ಮಿ.ಮೀ.ಗೆ 0.35 ವೋಲ್ಟ್, ಸರಿ. ಪ್ಲಸ್, ಮೈನಸ್ ಎರಡಕ್ಕೂ ಫ್ಯೂಸ್, ಸಪ್ಲೈ ತುದಿಯಲ್ಲಿ. 7.074ರಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಕಳಿಸೋ ಡಿಜಿಟಲ್ ಮೋಡ್) ಆಡೋ ಆಸೆ ಇದ್ದರೆ 30 ವಾಟ್ ದಾಟಬೇಡಿ, ಅದು ಮಾತಿನ ಹಾಗೆ ಏರಿಳಿಯಲ್ಲ, ಹದಿನೈದು ಸೆಕೆಂಡಿನ ಸರದಿಯಲ್ಲಿ ಪೂರ್ತಿ ಶಕ್ತಿ ಎಳೆಯುತ್ತೆ. ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿದ್ದರೆ ಪರದೆ ಖಾಲಿ ಇರುತ್ತೆ, ಮೊದಲು ಅದನ್ನು ಸರಿಮಾಡಿ.

ಕೈಯಲ್ಲೇ ಕಟ್ಟುವ ಆಸೆ ಇದ್ದರೆ ಹೈದರಾಬಾದಿನ ಅಶರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಎಚ್‌ಎಫ್ ಸೆಟ್ ನೋಡಿ. ಟೊರಾಯ್ಡ್ (ಸುರುಳಿ ಸುತ್ತುವ ಉಂಗುರ) ಸಿಗದವರು ಸುರುಳಿ ಸುತ್ತಲು ಕೊಳಾಯಿ ವಾಷರ್ ಬಳಸಲಿ ಅಂತಲೇ ಮಾಡಿದ್ದು ಅದು. ಬಿಡಿಭಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತೆ.

ಕಬ್ಬಿನಗದ್ದೆ
ಮೊದಲ ಮಾತು ಹೇಗೆ? ಹಬ್ಬದ ದಿನ ಒಂದೆರಡು ಹಾಡು ಹಾಕಬಹುದಾ?

ಕುಕ್ಕರಹಳ್ಳಿ
ಹಾಡು ಬೇಡವೇ ಬೇಡ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದರು ನಿಜ. ಇವತ್ತಿನ ಹ್ಯಾಮ್ ಲೈಸೆನ್ಸ್‌ನಲ್ಲಿ ಪ್ರಸಾರ, ವ್ಯಾಪಾರದ ಮಾತು, ಗುಪ್ತಲಿಪಿ ಮೂರಕ್ಕೂ ಜಾಗ ಇಲ್ಲ.

ಮೊದಲ ಮಾತಿಗೆ ಸಿಕ್ಯೂ (ಯಾರಾದರೂ ಬನ್ನಿ ಎಂಬ ಕರೆ) ಕೂಗುವುದಕ್ಕಿಂತ ಬೇರೆಯವರ ಕರೆಗೆ ಉತ್ತರಿಸುವುದು ಸುಲಭ. ಒಂದು ನಿಮಿಷ ಕೇಳಿ. ಅವರು ಕರೆ ಮುಗಿಸಿದ ಮೇಲೆ ಅವರ ಕಾಲ್‌ಸೈನ್ ಒಂದು ಸಲ, ನಿಮ್ಮದು ವರ್ಣಮಾಲೆಯಲ್ಲಿ ಎರಡು ಸಲ. ಅವರು ಹಿಡಿದ ಮೇಲೆ ವರದಿ, ಹೆಸರು, ಊರು. 59 ಅಂದರೆ ಮಾತು ಪೂರ್ತಿ ಸ್ಪಷ್ಟ, ಸಂಕೇತ ಎಸ್9. ಅರ್ಧ ಮಾತ್ರ ತಿಳಿದರೆ 59 ಕೊಡಬೇಡಿ, ಅವರಿಗೆ ಬೇಕಾಗಿರೋದು ನಿಜ. ಲೊಕೇಟರ್ (ನಕ್ಷೆಯ ಚೌಕದ ಸಂಕೇತ) ಕೇಳಿದರೆ ಮಂಡ್ಯ ಎಂಕೆ82ಕೆಎಂ, ಮೈಸೂರು ಎಂಕೆ82ಎಚ್‌ಎಚ್. ಮುಗಿಸುವಾಗ 73 (ಶುಭಾಶಯ). ಲಾಗ್‌ನಲ್ಲಿ ದಿನಾಂಕ, ಸಮಯ, ಆವರ್ತನ, ಮೋಡ್, ಎರಡೂ ಕಡೆಯ ವರದಿ ಬರೆಯಿರಿ. ವಿದೇಶದವರ ಜೊತೆಯಾದರೆ ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ.

ಎಸ್9ಪ್ಲಸ್
ಏಪ್ರಿಲ್, ಮೇ ಗುಡುಗಿನ ಬಗ್ಗೆ ಯಾರೂ ಹೇಳಲಿಲ್ಲ. ಮಧ್ಯಾಹ್ನ ಮೋಡ ಕಟ್ಟೋ ಮುಂಚೆ ಕೇಬಲ್ ಕಿತ್ತು ಕಿಟಕಿಯ ಹೊರಗೆ ಹಾಕಿ, ಒಳಗೆ ಮೇಜಿನ ಮೇಲೆ ತುದಿ ಬಿಡಬೇಡಿ. ಪವರ್ ಪ್ಲಗ್ಗೂ ಕೀಳಿ. ಕಂಬಕ್ಕೆ ತಾಮ್ರ ಲೇಪಿತ ಅರ್ತ್ ರಾಡ್, ಮನೆಯ ಅರ್ತಿಗೆ ಅದನ್ನು ಜೋಡಿಸಿರಬೇಕು. ಎರಡು ಬೇರೆ ಬೇರೆ ಅರ್ತ್ ಇದ್ದರೆ ಸಿಡಿಲಿನ ಹೊತ್ತಿಗೆ ನಡುವೆ ಸಿಕ್ಕ ಸೆಟ್ಟೇ ದಾರಿಯಾಗುತ್ತೆ. ಹತ್ತಿರ ಗುಡುಗುವಾಗ ಕೇಬಲ್ ಮುಟ್ಟಬೇಡಿ, ಕೀಳೋಕೂ ಕೂಡ.

ಕಬ್ಬಿನಗದ್ದೆ
ಕೊನೆಯ ಪ್ರಶ್ನೆ. ಜನರಲ್ ಗ್ರೇಡ್‌ಗೇ ನೇರ ಕೂರೋದಾದರೆ ಮೋರ್ಸ್ ಹೇಗೆ ಕಲಿಯೋದು?

ಡಿಡ್ಡಾ
ಚುಕ್ಕಿ ಗೆರೆಯ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಕಣ್ಣಿನಿಂದ ಕಲಿತವರು ಒಂದೊಂದು ಅಕ್ಷರಕ್ಕೂ ತಲೆಯೊಳಗೆ ಪಟ್ಟಿ ಹುಡುಕಿ ನಿಮಿಷಕ್ಕೆ 5 ಪದದಲ್ಲಿ ಸಿಕ್ಕಿಕೊಳ್ತಾರೆ. ಕೋಚ್ ವಿಧಾನದ ಯಾವುದಾದರೂ ಉಚಿತ ಆಪ್ ಹಾಕಿ. ಕೆ, ಎಂ ಎರಡೇ ಅಕ್ಷರದಿಂದ ಶುರು, ಶೇಕಡ 90 ಸರಿ ಬಂದ ಮೇಲೆ ಮೂರನೆಯದು. ಅಕ್ಷರದ ವೇಗ 15 ಪದಕ್ಕಿಡಿ, ಅಂದರೆ ಒಂದು ಚುಕ್ಕಿ 80 ಮಿಲಿಸೆಕೆಂಡ್. ಅಕ್ಷರಗಳ ನಡುವಿನ ಬಿಡುವನ್ನು ಹಿಗ್ಗಿಸಿ ಒಟ್ಟು ವೇಗ 8ಕ್ಕೆ ಇಳಿಸಿ. ದಿನಕ್ಕೆ ಕಾಲು ಗಂಟೆ ಎರಡು ಸಲ, ಭಾನುವಾರ ಮೂರು ಗಂಟೆ ಕೂರೋದಕ್ಕಿಂತ ಮೇಲು. ತಪ್ಪಿದ ಅಕ್ಷರಕ್ಕೆ ಗೆರೆ ಎಳೆದು ಮುಂದಿನದಕ್ಕೆ ಹೋಗಿ. ನಿಂತು ಯೋಚಿಸಿದರೆ ಇನ್ನೂ ಮೂರು ಹೋಗುತ್ತವೆ. ಕೀ ಈಗಲೇ ಕೊಳ್ಳಬೇಡಿ. ಕಿವಿಗೆ ಲಯ ಕೂರುವ ಮುಂಚೆ ಕೈ ಆಡಿಸಿದರೆ ಗೆರೆಗಳು ಗಿಡ್ಡವಾಗಿ ಅಭ್ಯಾಸವಾಗುತ್ತವೆ, ಆಮೇಲೆ ತಿದ್ದೋದು ಕಷ್ಟ.

ವಿಸಿ_ನಾಲೆ
ವಿಯು3 ಆಗ್ಲಿ ವಿಯು2 ಆಗ್ಲಿ, ಕಾಲ್‌ಸೈನ್ ಬಂದ ದಿನ ಇಲ್ಲೇ ಹಾಕಿ. 2 ಮೀಟರ್ ಗ್ರೌಂಡ್ ಪ್ಲೇನ್ ಅಷ್ಟ್ರೊಳಗೆ ಕಂಬದ ಮೇಲೆ ಇರ್ಲಿ, ಡೈಪೋಲ್ ತಂತಿಯಿಂದ ಒಂದು ಮೀಟ್ರಾದ್ರೂ ಮೇಲೆ.